ಬಣ್ಣಗಾರ ಪೀರಾ ಸಾಬರು ಮತ್ತು ಬಣ್ಣವಿಲ್ಲದ ಕೊಬ್ಬು

ರಾಯಚೂರಿನ ತೀನ್ ಕಂದೀಲ್ ಹತ್ತಿರದ ಗಲ್ಲಿಯೊಂದರಲ್ಲಿ ಪೀರಾ ಸಾಬರ ಬಣ್ಣದ ಅಂಗಡಿ ಇತ್ತು. ಗೋಡೆಗೆ ಬಳಿಯುವ ಬಣ್ಣವಲ್ಲ. ಮಾಸಿದ ಸೀರೆ, ಬಿಳಚಿಕೊಂಡ ದುಪಟ್ಟಾ, ಬಿಸಿಲು ತಿಂದ ರುಮಾಲು, ಇವನ್ನೆಲ್ಲ ತಾಮ್ರದ ಹಂಡೆಯಲ್ಲಿ ಅದ್ದಿ ಮತ್ತೆ ಜೀವ ಬರಿಸುವ ಕೆಲಸ. ಅವರ ಎರಡು ಕೈಗಳು ಒಂದೇ ಬಣ್ಣದಲ್ಲಿ ಇದ್ದದ್ದನ್ನು ನಾನು ನೋಡಿಯೇ ಇಲ್ಲ. ಎಡಗೈ ಗಿಳಿಹಸಿರಾದರೆ ಬಲಗೈ ಕುಂಕುಮ. ಅವರು ಎರಡೂ ಕೈ ಎತ್ತಿ ಸಲಾಮು ಮಾಡಿದರೆ ಯಾವುದೋ ಪಕ್ಷದ ಬಾವುಟ ಹಾರಿದಂತೆ ಕಾಣುತ್ತಿತ್ತು.

ಒಮ್ಮೆ ಮಾನ್ವಿಯಿಂದ ಒಬ್ಬ ಹೆಣ್ಣುಮಗಳು ಬಂದಳು.

"ಅಣ್ಣಾ, ನಮ್ಮ ಅತ್ತಿಗಿಗೆ ಒಂದು ಸೀರಿ ಬಣ್ಣ ಹಾಕಿ ಕೊಟ್ಟಿದ್ರಲ್ಲ, ಅಂಥಾದ್ದ ನನಗೂ ಬೇಕ್ರಿ."

"ಆ ಸೀರಿ ತಂದೀಯೇನವ್ವಾ?"

"ಕೊಡ್ಲಿಲ್ರಿ ಆಕಿ. ಹೊಟ್ಟಿಕಿಚ್ಚು."

"ಇರಲಿ ಬಿಡು. ನೆನಪದ."

ಅದು ಎರಡು ವರ್ಷದ ಹಿಂದಿನ ಬಣ್ಣ! ಹಾಕಿಕೊಟ್ಟರು. ಮಾನ್ವಿಯಲ್ಲಿ ಅತ್ತಿಗೆ ನಾದಿನಿ ಎರಡೂ ಸೀರೆಗಳನ್ನು ಬಿಸಿಲಿಗೆ ಹಿಡಿದು ನೋಡಿ, ಯಾವುದು ಯಾರದು ಎಂದು ತಿಳಿಯದೆ ಹೊಸ ಜಗಳ ತೆಗೆದರಂತೆ.

ನಾನು ಎದುರು ಮನೆಯವನು, ಶಾಲೆಯಲ್ಲಿ ಇಂಗ್ಲಿಷ್ ಮಾಸ್ತರು. ಇಂಗ್ಲಿಷಿನಲ್ಲಿದ್ದ ಯಾವ ಕಾಗದ ಬಂದರೂ ಸಾಬರು ಅದನ್ನು ಹಿಡಿದುಕೊಂಡು ನನ್ನ ಕಟ್ಟೆಗೆ ಬರುತ್ತಿದ್ದರು. ಕಾನ್ವೆಂಟಿನ ಸಿಸ್ಟರುಗಳು ಬೆರಳ ಗೆಣ್ಣಿಗೆ ಹೊಡೆದು ಕಲಿಸಿದ ಭಾಷೆ ಅಷ್ಟಕ್ಕಾದರೂ ಉಪಯೋಗವಾಯಿತು. ಅವರ ಮನೆಮಾತು ದಖ್ಖನಿ; ನನ್ನೊಂದಿಗೆ ಆಡುತ್ತಿದ್ದದ್ದು ಅಚ್ಚ ರಾಯಚೂರು ಕನ್ನಡ. ದಖ್ಖನಿಯಲ್ಲಿ ನಡೆದ ಮಾತುಗಳನ್ನು ಇಲ್ಲಿ ನಾನೇ ಕನ್ನಡದ ಹಂಡೆಯಲ್ಲಿ ಅದ್ದಿ ತೆಗೆದಿದ್ದೇನೆ.

ಪೀರಾ ಸಾಬರಿಗೆ ಈ ವಿದ್ಯೆ ಕಲಿಸಿದವರು ಅವರ ಅಣ್ಣ ಗುಲಾಮ್ ರಸೂಲ್. ದೇವದುರ್ಗದಲ್ಲಿ ಅವರದೂ ಬಣ್ಣದ ಕೆಲಸವೇ. ಸಕ್ಕರೆ ಕಾಯಿಲೆ ಇದೆ ಎಂದು ಗೊತ್ತಿದ್ದೂ ಅವರು ಅದನ್ನು ನೆಗಡಿಯಂತೆ ನೋಡಿದರು. ಎಪ್ಪತ್ನಾಲ್ಕರ ಬೇಸಿಗೆಯ ಹೊತ್ತಿಗೆ ಅವರ ಎರಡೂ ಕಣ್ಣು ಹೋಗಿದ್ದವು. ತಮ್ಮ ನೋಡಲು ಹೋದಾಗ ಅಣ್ಣ ಅಂಗಳದಲ್ಲಿ ಕೂತು, ತಾವೇ ಬಣ್ಣ ಹಾಕಿದ್ದ ರುಮಾಲನ್ನು ಬೆರಳಲ್ಲಿ ಉಜ್ಜುತ್ತಾ ಕೇಳಿದರಂತೆ: "ಪೀರಾ, ಇದು ಯಾವ ಬಣ್ಣದ್ದು?"

ಅದು ಕೆಂಪು. ಹೇಳಲಿಕ್ಕೆ ಬಾಯಿ ಬರಲಿಲ್ಲ ಎಂದು ಸಾಬರು ನನ್ನ ಕಟ್ಟೆಯ ಮೇಲೆ ಕೂತು ಹೇಳಿದ್ದರು.

ಅದೇ ವರ್ಷ ತಮ್ಮನ ಬಚ್ಚಲಲ್ಲೂ ಮೂತ್ರಕ್ಕೆ ಇರುವೆ ಹತ್ತತೊಡಗಿತು. ಪೀರಾ ಸಾಬರು ಒಂದೇ ಓಟಕ್ಕೆ ಡಾಕ್ಟರ್ ಅಬ್ದುಲ್ ವಹೀದರ ದವಾಖಾನೆಗೆ ಹೋದರು.

"ಡಾಕ್ಟರ್ ಸಾಬ್, ನನ್ನ ಕಣ್ಣು ಹೋಗ್ತಾವೇನ್ರಿ?"

"ಮೊದ್ಲು ಕುಂದರ್ರಿ."

"ಕುಂತೀನ್ರಿ. ಕಣ್ಣು ಹೋಗ್ತಾವೇನ್ರಿ?"

"ಸಕ್ಕರಿ ಹಿಡಿತದಾಗ ಇಟ್ರ ಉಳೀತಾವ. ಅಣ್ಣನಂಗ ಮಾಡಿದ್ರ ಹೋಗ್ತಾವ."

ಡಾಕ್ಟರು ಗುಳಿಗೆ ಬರೆದುಕೊಟ್ಟರು. ಅನ್ನ, ಬೆಲ್ಲ, ಬಾಳೆಹಣ್ಣು ಬಿಡಿ, ರೊಟ್ಟಿ ಕಡಿಮೆ ಮಾಡಿ ಎಂದರು. ಆಮೇಲೆ ಒಂದು ನೀಲಿ ನೀರಿನ ಬಾಟ್ಲಿ, ಒಂದು ಗಾಜಿನ ನಳಿಗೆ ಮುಂದಿಟ್ಟರು. ನಳಿಗೆಯಲ್ಲಿ ಈ ನೀಲಿ ನೀರು ಹಾಕಿ, ಎಂಟು ಹನಿ ಮೂತ್ರ ಬಿಟ್ಟು, ಕುದಿಸಬೇಕು. ನೀಲಿಯಾಗಿಯೇ ಉಳಿದರೆ ಸಕ್ಕರೆ ಇಲ್ಲ. ಹಸಿರಾದರೆ ಸ್ವಲ್ಪ, ಹಳದಿಯಾದರೆ ಜಾಸ್ತಿ, ಕಿತ್ತಳೆಯಾದರೆ ಇನ್ನೂ ಜಾಸ್ತಿ, ಇಟ್ಟಿಗೆ ಕೆಂಪಾದರೆ ಕೆಟ್ಟಿತು.

ಸಾಬರು ಬಾಟ್ಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಒಂದು ಗಳಿಗೆ ನೋಡಿದರು. "ಇದರಾಗ ಮೈಲುತುತ್ತ ಅದ, ಹೌದಲ್ರಿ?"

ವಹೀದ್ ಡಾಕ್ಟರು ಸುಸ್ತು. ಮೈಲುತುತ್ತ ಇರುವುದು ನಿಜವೇ. ಕಾಲೇಜಿನಲ್ಲಿ ಐದು ವರ್ಷ ಕೂತು ಓದಿದ್ದನ್ನು ಈ ಮನುಷ್ಯ ಕಿಟಕಿ ಬಳಿ ನಿಂತು ಓದಿಬಿಟ್ಟಿದ್ದ.

ಮನೆಯಲ್ಲಿ ಮಾತ್ರ ರಣರಂಗ. ಪೀರಾ ಸಾಬರ ಹೆಂಡತಿ ಮುನ್ನೀ ಬೀ ಅಡುಗೆಯಲ್ಲಿ ಎಷ್ಟು ಖಾರವೋ ಮಾತಿನಲ್ಲೂ ಅಷ್ಟೇ.

"ಮನ್ಯಾಗ ಉಚ್ಚಿ ಕುದಸ್ತೀರಾ? ನಾ ಸಾರು ಕುದಸೋ ಮನ್ಯಾಗ?"

"ಒಲಿ ಮ್ಯಾಲಲ್ಲ, ಸ್ಪಿರಿಟ್ ದೀಪದ ಮ್ಯಾಲ."

"ದೀಪದ ಮ್ಯಾಲಂದ್ರ ಅದು ಅತ್ತರಾಗ್ತದೇನು?"

"ನಮ್ಮಜ್ಜ ನೀಲಿ ತೊಟ್ಟಿಗಿ ಇದನ್ನ ಹಾಕತಿದ್ದ. ಆ ನೀಲಿ ಸೀರಿ ಉಟ್ಟು ಮದುವಿ ಆದೋರು ಎಷ್ಟು ಮಂದಿ ಗೊತ್ತೇನು?"

ಮುನ್ನೀ ಬೀ ಅಂದಿನಿಂದ ನೀಲಿ ಸೀರೆ ಉಡುವುದನ್ನೇ ಬಿಟ್ಟಳೆಂದು ಗಲ್ಲಿಯ ಸುದ್ದಿ. ಮೂತ್ರದ ಸೂತ್ರಕ್ಕೆ ಹಿತ್ತಲಿನ ಮೂಲೆ ನಿಗದಿಯಾಯಿತು.

ಡಾಕ್ಟರು ಕೊಟ್ಟದ್ದು ಐದು ಬಣ್ಣ. ಸಾಬರ ಕಣ್ಣಿಗೆ ಆ ನಳಿಗೆಯಲ್ಲಿ ಇಪ್ಪತ್ಮೂರು ಬಣ್ಣ ಕಂಡವು. ನೀಲಿಗೂ ಹಸಿರಿಗೂ ನಡುವೆಯೇ ಏಳು. ಅವರು ಒಂದು ಹೊತ್ತಿಗೆ ಒಂದೇ ಪದಾರ್ಥ ತಿನ್ನುವುದು, ಎರಡು ತಾಸು ಬಿಟ್ಟು ಕುದಿಸುವುದು, ಬಂದ ಬಣ್ಣಕ್ಕೆ ಸರಿಯಾಗಿ ಒಂದು ಗೇಣು ನೂಲನ್ನು ಅದ್ದಿ ಗೋಡೆಯ ಮೊಳೆಗೆ ಕಟ್ಟುವುದು. ಅಕ್ಷರ ಬರೆಯಲು ಅವರಿಗೆ ಅಷ್ಟಾಗಿ ಬರುತ್ತಿರಲಿಲ್ಲ, ಬರಬೇಕಾಗಿಯೂ ಇರಲಿಲ್ಲ. ಅನ್ನದ ನೂಲು ಇಟ್ಟಿಗೆ ಕೆಂಪು. ಎರಡು ಜೋಳದ ರೊಟ್ಟಿಯದು ಹಳದಿ. ಒಂದೇ ರೊಟ್ಟಿಗೆ ತಟ್ಟೆ ತುಂಬ ಪುಂಡಿ ಪಲ್ಯ ಹಚ್ಚಿಕೊಂಡರೆ ಎಳೆಹಸಿರು. ಮೊಟ್ಟೆ ನೀಲಿ. ಮಟನ್ ಅಪ್ಪಟ ನೀಲಿ.

ವಹೀದ್ ಡಾಕ್ಟರು ಒಂದು ದಿನ ಗಲ್ಲಿಗೆ ಬಂದು ಆ ಗೋಡೆಯ ಮುಂದೆ ನಿಂತು ಒಂದೊಂದೇ ನೂಲನ್ನು ಮುಟ್ಟಿ ನೋಡಿದರು. ಟೋಪಿ ಇದ್ದಿದ್ದರೆ ತೆಗೆಯುತ್ತಿದ್ದರೇನೋ.

ಹೀಗೆ ಪೀರಾ ಸಾಬರು ಅನ್ನ ಬಿಟ್ಟರು, ಅಣ್ಣನನ್ನು ಬಿಡಲಿಲ್ಲ. ತಿಂಗಳಿಗೊಮ್ಮೆ ದೇವದುರ್ಗದ ಬಸ್ಸು ಹತ್ತಿ ಹೋಗಿ ಅವರ ಉಗುರು ಕತ್ತರಿಸಿ, ಗಡ್ಡ ತಿದ್ದಿ ಬರುತ್ತಿದ್ದರು. ಊಟಕ್ಕೆ ನೀಲಿ ಬಂದದ್ದೆಲ್ಲ ಹಲಾಲು. ಬೆಳಿಗ್ಗೆ ತುಪ್ಪದಲ್ಲಿ ಹುರಿದ ನಾಲ್ಕು ಮೊಟ್ಟೆ, ಮಧ್ಯಾಹ್ನ ಕೊಬ್ಬಿನ ಅಂಚಿದ್ದ ಮಟನ್, ಸಂಜೆ ಕುರಿ ಕಾಲಿನ ಸಾರು, ಅದರಲ್ಲಿ ಮಜ್ಜೆ ತುಂಬಿದ ನಲ್ಲಿ ಮೂಳೆ. ನಲ್ಲೆಗಿಂತ ನಲ್ಲಿಯ ಮೇಲೇ ಪ್ರೀತಿ ಜಾಸ್ತಿ ಎಂದು ನಾನು ಚುಡಾಯಿಸಿದರೆ, "ನಲ್ಲಿ ಎದುರು ಮಾತಾಡಂಗಿಲ್ಲಲ್ರಿ, ಮಾಸ್ತರ್" ಎನ್ನುತ್ತಿದ್ದರು. ಮದುವೆಮನೆಗಳಲ್ಲಿ ಬಿರಿಯಾನಿಯ ತಟ್ಟೆಯಿಂದ ತುಂಡುಗಳನ್ನಷ್ಟೇ ಆರಿಸಿಕೊಂಡು ಅನ್ನವನ್ನು ಗುಡ್ಡೆ ಹಾಕಿ ಏಳುತ್ತಿದ್ದರು. ಮಾನ್ವಿಯಲ್ಲಿ ಬೀಗರೊಬ್ಬರು ಇದನ್ನು ಅವಮಾನವೆಂದು ತಿಳಿದು ಮೂರು ವರ್ಷ ಮಾತು ಬಿಟ್ಟಿದ್ದರು. ಸಾಬರಿಗೆ ಅದರ ಚಿಂತೆಯಿಲ್ಲ. ಎಂಟು ವರ್ಷ ನಳಿಗೆ ನೀಲಿಯಾಗಿಯೇ ಉಳಿಯಿತು. ಸೂಜಿಗೆ ತಾವೇ ದಾರ ಪೋಣಿಸುತ್ತಿದ್ದರು.

ಎಂಬತ್ತೆರಡರ ಮಳೆಗಾಲದಲ್ಲಿ ಮುನ್ನೀ ಬೀ ಗಂಡನ ಮುಖ ಹಿಡಿದು ಬೆಳಕಿಗೆ ತಿರುಗಿಸಿದಳು.

"ಮುಖ ತೊಳ್ಕೊಂಡು ಊಟಕ್ಕ ಕುಂದರ್ರಿ ಅಂದ್ರ ಕೇಳಂಗಿಲ್ಲ. ಕಣ್ಣ ರೆಪ್ಪಿಗಿ ಹಳದಿ ಹತ್ತ್ಯಾದ ನೋಡ್ರಿ."

ಹೌದು. ಎರಡೂ ಕಣ್ಣಿನ ಮೇಲ್ರೆಪ್ಪೆಯಲ್ಲಿ, ಮೂಗಿನ ಕಡೆಯ ಮೂಲೆಗೆ, ಬೇಳೆಯಷ್ಟು ಅಗಲದ ಹಳದಿ ಕಲೆ. ಬೇರೆ ಯಾರ ಮನೆಯಲ್ಲಾದರೂ ಗಾಬರಿಯಾಗುತ್ತಿದ್ದರು. ಬಣ್ಣಗಾರರ ಮನೆಯಲ್ಲಿ ಮೈಮೇಲೆ ಹಳದಿ ಕಂಡರೆ ಯಾರು ಹೆದರುತ್ತಾರೆ? ಸಾಬೂನು ಹಚ್ಚಿ ತಿಕ್ಕಿದರು. ಲಿಂಬೆಹಣ್ಣು ಹಚ್ಚಿದರು. ಹುಣಸೆ ನೀರು ಹಚ್ಚಿ, ಕಣ್ಣು ಉರಿದು, ಸಾಬರು ಹಿತ್ತಲಲ್ಲಿ ಕುಣಿದರು. ಕಲೆ ಹಾಗೆಯೇ ಇತ್ತು. ಆಗ ಅನುಮಾನ ಹೈದರಾಬಾದಿನಿಂದ ಹೊಸದಾಗಿ ತರಿಸಿದ್ದ ಹಳದಿ ಪುಡಿಯ ಡಬ್ಬಿಯ ಮೇಲೆ ಹೋಯಿತು. ಚರ್ಮ ಹಿಡಿಯುವ ಕಳ್ಳಮಾಲು ಎಂದು ಬೈದು ಇಡೀ ಡಬ್ಬಿಯನ್ನು ಮೋರಿಗೆ ಸುರಿದರು. ನಮ್ಮ ಗಲ್ಲಿಯ ಮೋರಿ ಎರಡು ದಿನ ಮದುಮಗಳಂತೆ ಅರಿಶಿನ ಮೆತ್ತಿಕೊಂಡು ಹರಿಯಿತು.

ಹೀಗೆ ಎರಡು ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ ಸಾಬರು ನನ್ನ ಕಟ್ಟೆಗೆ ಬಂದು ಕೂತರು. ಮುಖ ಬಾಡಿತ್ತು.

"ಮಾಸ್ತರ್, ಇದು ನಮ್ಮ ಅಂಗಡಿ ಹಳದಿ ಅಲ್ಲ. ನನ್ನ ಹತ್ರ ಹನ್ನೊಂದು ಹಳದಿ ಅದಾವ. ಹನ್ನೊಂದೂ ಇಟ್ಟು ನೋಡೀನಿ. ಇದು ಒಳಗಿಂದ ಬಂದದ್ದು." ರೆಪ್ಪೆಯತ್ತ ಬೆರಳು ತೋರಿಸಿ ಅಂದರು: "ಕಣ್ಣಿಗಿ ಬಂದು ಕುಂತದ."

ಇಬ್ಬರೂ ಡಾಕ್ಟರ ಹತ್ತಿರ ಹೋದೆವು. ವಹೀದ್ ಡಾಕ್ಟರು ಬೆರಳಿನಿಂದ ರೆಪ್ಪೆ ಮುಟ್ಟಿ ನೋಡಿದರು.

"ಏನು ತಿನ್ನಾಕತ್ತೀರಿ ಇತ್ತೀಚಿಗಿ?"

ಸಾಬರು ಹೆಮ್ಮೆಯಿಂದ ಪಟ್ಟಿ ಒಪ್ಪಿಸಿದರು. ಮೊಟ್ಟೆ, ತುಪ್ಪ, ನಲ್ಲಿಗೆ ಬರುವಷ್ಟರಲ್ಲಿ ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟಿದ್ದರು. ಮರುದಿನ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಲು ಹೇಳಿದರು.

ರಕ್ತ ತೆಗೆದವನು ಲ್ಯಾಬಿನ ಗದ್ದೆಪ್ಪ, ಮಟಮಾರಿ ಊರಿನ ಹುಡುಗಾಟದ ಮನುಷ್ಯ. ನಳಿಗೆಯನ್ನು ಯಂತ್ರದಲ್ಲಿ ತಿರುಗಿಸಿ ಹೊರತೆಗೆದ. ಕೆಂಪೆಲ್ಲ ತಳಕ್ಕೆ ಕೂತಿತ್ತು. ಮೇಲೆ ತಿಳಿಯಾಗಿ, ಜೋಳದ ದಂಟಿನ ಬಣ್ಣಕ್ಕೆ ನಿಲ್ಲಬೇಕಾದ ನೀರು ಬೆಳ್ಳಗೆ ಮಬ್ಬಾಗಿತ್ತು.

"ನೋಡ್ರಿ ಚಾಚಾ, ನಿಮ್ಮ ರಕ್ತದಾಗ ಯಾರೋ ಗಂಜಿ ಹೊಯ್ದಾರ."

"ಲೇ, ನಾ ಅಕ್ಕಿ ಮುಟ್ಟಿ ಎಂಟು ವರ್ಷ ಆತಲೇ. ಗಂಜಿ ಎಲ್ಲಿಂದ ಬರತದ?"

"ಗಂಜಿ ಅಲ್ರಿ, ಕೊಬ್ಬು."

ಮೂರನೇ ದಿನ ವರದಿ ಬಂತು. ನಾನೇ ಓದಿದೆ. ಕೊಲೆಸ್ಟರಾಲ್ ಮುನ್ನೂರ ಮೂವತ್ತೆಂಟು. ಆಗಿನ ಲೆಕ್ಕಕ್ಕೆ ಇನ್ನೂರೈವತ್ತು ದಾಟಬಾರದಿತ್ತು.

"ಏನು ಹೆಸರಂದ್ರಿ?"

"ಕೊಲೆಸ್ಟರಾಲ್."

"ಹೆಸರಿನ ಮುಂದನ ಕೊಲೆ ಇಟ್ಕೊಂಡು ಬಂದದಲ್ರಿ ಬದ್ಮಾಷ್!"

ಶ್ಲೇಷೆ ನನ್ನ ಕಸುಬು; ಆ ದಿನ ಅವರು ಅದನ್ನೂ ಕಸಿದುಕೊಂಡರು. ನಗಲು ಮಾತ್ರ ಇಬ್ಬರಿಗೂ ಆಗಲಿಲ್ಲ.

ಡಾಕ್ಟರು ಬಿಡಿಸಿ ಹೇಳಿದರು. ಸಕ್ಕರೆಯನ್ನು ಗೆದ್ದಿದ್ದೀರಿ, ಅದು ಸಣ್ಣ ಮಾತಲ್ಲ. ಆದರೆ ಅದನ್ನು ಓಡಿಸಲು ಕರೆದುಕೊಂಡ ಕೊಬ್ಬು ಈಗ ರಕ್ತನಾಳಗಳಲ್ಲಿ ಮನೆ ಮಾಡಿದೆ. ರೆಪ್ಪೆಯ ಆ ಹಳದಿಯೂ ಅದರದೇ. ಎದೆಗೂ ಕೆಡುಕು, ಕಣ್ಣಿನ ಪರದೆಗೂ ಕೆಡುಕು. ತುಪ್ಪ, ನಲ್ಲಿ, ಕೊಬ್ಬಿನ ಮಟನ್, ಮೊಟ್ಟೆಯ ಹಳದಿ ಎಲ್ಲ ಬಿಡಬೇಕು.

"ಅನ್ನ ಬ್ಯಾಡ, ರೊಟ್ಟಿ ಬ್ಯಾಡ, ಮಟನ್ ಬ್ಯಾಡ. ಗಾಳಿ ತಿನ್ಲೇನ್ರಿ? ಗಾಳಿ ಯಾವ ಬಣ್ಣ ಕೊಡತದ?" ಎಂದು ಗುಡುಗಿದ ಸಾಬರು ಮೆಲ್ಲಗೆ ಕೇಳಿದರು, "ಇದಕ್ಕೊಂದು ನೀರಿನ ಬಾಟ್ಲಿ ಇಲ್ಲೇನ್ರಿ? ಮನ್ಯಾಗ ಕುದಿಸಿ ನೋಡೋದು?"

"ಇಲ್ಲ. ಮೂರು ತಿಂಗಳು ಪಥ್ಯ ಮಾಡಿ ಬರ್ರಿ. ಆಮ್ಯಾಲ ರಕ್ತ ನೋಡೋಣ."

ಸಾಬರು ಕುಸಿದದ್ದು ಅಲ್ಲಿ. ಪಥ್ಯಕ್ಕೆ ಅವರು ಹೆದರುವವರಲ್ಲ. ಆದರೆ ಮೂರು ತಿಂಗಳು, ದಿನಕ್ಕೆ ಮೂರು ಹೊತ್ತು, ಪ್ರತಿ ತುತ್ತನ್ನೂ ಅದರ ಬಣ್ಣ ಕಾಣದೆ ತಿನ್ನಬೇಕು. ಒಳ್ಳೆಯದಾಗುತ್ತಿದೆಯೋ ಕೆಡುತ್ತಿದೆಯೋ ಹೇಳುವ ಒಂದು ನೂಲೂ ಇಲ್ಲ. ಜೀವಮಾನವಿಡೀ ಕಣ್ಣನ್ನೇ ನಂಬಿದ್ದ ಮನುಷ್ಯ. ಒಂದು ವಾರ ಅಂಗಡಿ ತೆರೆಯಲಿಲ್ಲ. ಒಂದು ಹೊತ್ತು ಉಪವಾಸ, ಮರು ಹೊತ್ತು ಸಿಟ್ಟಿಗೆ ಎರಡು ನಲ್ಲಿ ಮೂಳೆ. ಮುನ್ನೀ ಬೀ ಹೆದರಿ, ನನ್ನನ್ನು ಜೊತೆ ಮಾಡಿ, ಗಂಡನನ್ನು ದೇವದುರ್ಗಕ್ಕೆ ಅಟ್ಟಿದಳು.

ಗುಲಾಮ್ ರಸೂಲರು ಅಂಗಳದ ಬೇವಿನ ಕೆಳಗೆ ಕೂತಿದ್ದರು. ತಮ್ಮ ಹೇಳಿದ್ದನ್ನೆಲ್ಲ ತಲೆ ಬಾಗಿಸಿ ಕೇಳಿದರು. ಕೊನೆಗೆ ಅಂದರು:

"ನಾ ಎಂಟು ವರ್ಷದಿಂದ ಕಾಣದ ನಡ್ಯಾಕತ್ತೀನಿ. ನೀ ಮೂರು ತಿಂಗಳು ಕಾಣದ ತಿನ್ನಾಕ ಆಗಂಗಿಲ್ಲೇನಲೇ?"

ತಮ್ಮ ಕೆಳಗೆ ಉದುರಿದ್ದ ಬೇವಿನ ಎಲೆ ಆರಿಸತೊಡಗಿದರು.

"ಒಂದೊಂದು ಹೆಜ್ಜಿಗಿ ಯಾರ್ನಾರ ಕೇಳ್ತೀನೇನು ನಾನು, ದಾರಿ ಸರಿ ಅದನೋ ಇಲ್ಲೋ ಅಂತ? ಒಮ್ಮೆ ಲೆಕ್ಕ ಹಾಕಿ ಇಟ್ಕೋ. ಆಮ್ಯಾಲ ನಡಿ." ಹಾಗೆಂದು ಅಣ್ಣ ಒಳಗೆ ಹೋಗಿ ಒಂದು ಸೀಸೆ ತಂದು ತಮ್ಮನ ಮೂಗಿಗೆ ಹಿಡಿದರು. "ಇದೇನು ಹೇಳು."

"ಕುಸುಬಿ ಎಣ್ಣಿ."

"ಅಪ್ಪ ಕುಸುಬಿ ಹೂವು ತಂದು ಕೆಂಪು ತೆಗೀತಿದ್ದ. ಬೀಜ ಮಲ್ಲಟದ ಗಾಣದವರಿಗೆ ಬಿಡ್ತಿದ್ದ. ನಾವು ಬಣ್ಣ ತಗೊಂಡ್ವಿ, ಅವರು ಎಣ್ಣಿ ತಿಂದ್ರು. ಅವರ ಮುದುಕರನ್ನ ನೋಡು, ಇನ್ನಾ ಎತ್ತಿನ ಹಿಂದ ಓಡ್ತಾರ. ಡಾಕ್ಟರ್‌ಗ ಕೇಳು, ತುಪ್ಪದ ಬದ್ಲಿ ಇದು ನಡೀತದೇನು ಅಂತ."

ಕೇಳಿದೆವು. ವಹೀದ್ ಡಾಕ್ಟರು ಆಶ್ಚರ್ಯದಿಂದ ನೋಡಿದರು. ನಡೆಯುತ್ತದೆ, ಆದರೆ ಅಳತೆಯಲ್ಲಿ ಎಂದರು.

ಆ ಮೂರು ತಿಂಗಳ ಸಾಬರನ್ನು ನಾನು ಎದುರು ಮನೆಯಿಂದ ನೋಡಿದ್ದೇನೆ. ಸಕ್ಕರೆಗೆ ನಳಿಗೆ ಇತ್ತು. ಹೊಸ ಪದಾರ್ಥ ಒಂದೊಂದನ್ನೂ ಅದರಲ್ಲಿ ಕುದಿಸಿ ನೋಡಿ, ನೀಲಿ ಬಂದರೆ ಮಾತ್ರ ಒಳಗೆ ಬಿಟ್ಟರು. ಕೃಷ್ಣಾ ನದಿಯ ಮೀನು ನೀಲಿ. ಒಂದು ಹಿಡಿ ಶೇಂಗಾ ನೀಲಿ. ಅಗಸಿ ಹಿಂಡಿ, ಅಂದರೆ ಚಟ್ನಿಪುಡಿ, ನೀಲಿ. ನೆನೆಸಿದ ಹೆಸರುಕಾಳು ಒಂದು ಹಿಡಿಯಾದರೆ ನೀಲಿಯ ಪಕ್ಕದ ನೆರಳು, ಎರಡಾದರೆ ಹಸಿರು, ಆದ್ದರಿಂದ ಒಂದೇ. ಮೆಂತ್ಯ, ಪುಂಡಿ, ಹೀರೇಕಾಯಿ ಎಷ್ಟಾದರೂ ಸರಿ. ಮೊಟ್ಟೆಯ ಹಳದಿ ಬೆಕ್ಕಿಗೆ, ಬಿಳಿ ತಮಗೆ. ರೊಟ್ಟಿ ಅರ್ಧ. ಮುಂಜಾನೆ ಸ್ಟೇಷನ್ನಿನವರೆಗೆ ನಡೆದು ಹೋಗಿ ಬರುವುದು. ಕೊಬ್ಬಿನ ಮಟ್ಟಿಗೆ ಮಾತ್ರ ಅಣ್ಣನ ಮಾತು: ಲೆಕ್ಕ ಹಾಕಿಯಾಯಿತು, ಇನ್ನು ನಡಿ. ಒಂದು ದಿನವೂ ಕನ್ನಡಿಯಲ್ಲಿ ರೆಪ್ಪೆ ನೋಡಿಕೊಳ್ಳಲಿಲ್ಲ.

ನಡುವೆ ಬಕ್ರೀದ್ ಬಂತು. ಮುನ್ನೀ ಬೀ ಬೆಳಗಿನಿಂದ ಹೊಗೆಯಲ್ಲಿ ಕೂತು ಮಾಡಿದ್ದನ್ನು ಮುಂದಿಟ್ಟಳು. ಸಾಬರು ನೂಲು ಕತ್ತರಿಸುವ ಕತ್ತರಿ ತೊಳೆದು ತಂದು, ಒಂದೊಂದೇ ತುಂಡಿನಿಂದ ಕೊಬ್ಬಿನ ಅಂಚನ್ನು ದರ್ಜಿಯಂತೆ ಕತ್ತರಿಸಿ ಬದಿಗಿಟ್ಟರು.

"ಊಟ ಮಾಡಾಕತ್ತೀರೋ ಜುಬ್ಬಾ ಹೊಲ್ಯಾಕತ್ತೀರೋ?"

"ನಿನ್ನ ಮುಖ ಇನ್ನಷ್ಟು ವರ್ಷ ನೋಡಾಕ ಮಾಡಾಕತ್ತೀನಿ."

ಮುನ್ನೀ ಬೀ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದಳು.

ಮೂರು ತಿಂಗಳಿಗೆ ಇನ್ನೂರ ಎಂಬತ್ತೊಂಬತ್ತು. ಆರಕ್ಕೆ ಇನ್ನೂರ ನಲವತ್ತು. ಎರಡನೆಯ ಸಲ ಗದ್ದೆಪ್ಪ ನಳಿಗೆ ತೆಗೆದು ತೋರಿಸಿದಾಗ ಹುಡುಗಾಟ ಬಿಟ್ಟಿದ್ದ. ಮೇಲಿನ ನೀರು ತಿಳಿಯಾಗಿ ಹೊಳೆಯುತ್ತಿತ್ತು. ಸಾಬರು ಅದನ್ನು ಬೆಳಕಿಗೆ ಹಿಡಿದು, ಅಪರೂಪದ ರೇಷ್ಮೆ ಕಂಡವರಂತೆ, ಬಹಳ ಹೊತ್ತು ನೋಡಿದರು. ರೆಪ್ಪೆಯ ಹಳದಿ ಮಾತ್ರ ಹೋಗಲಿಲ್ಲ. "ಪಕ್ಕಾ ಬಣ್ಣ, ಬಿಡಂಗಿಲ್ಲ" ಎಂದು ಅದನ್ನು ಮೆಚ್ಚಿಯೇ ಮಾತಾಡಿದರು.

ಉಳಿದದ್ದು ಒಂದೇ ಪ್ರಶ್ನೆ. ಒಂಬತ್ತು ವರ್ಷಗಳ ಹಿಂದೆ ಡಾಕ್ಟರ ಮುಂದೆ ಕುಳಿತು ಕೇಳಿದ್ದು. ಕಣ್ಣಿನ ಒಳಪರದೆ ನೋಡಬಲ್ಲ ವೈದ್ಯರೊಬ್ಬರು ರಾಯಚೂರಿಗೆ ಬಂದಾಗ ವಹೀದ್ ಡಾಕ್ಟರು ಚೀಟಿ ಬರೆದು ಕಳಿಸಿದರು. ಮುನ್ನೀ ಬೀಯೂ ನಮ್ಮ ಜೊತೆ ಬಂದಳು. ಪಾಪೆ ಅಗಲವಾಗಲು ಕಣ್ಣಿಗೆ ಮದ್ದಿನ ಹನಿ ಹಾಕಿ ಕೂರಿಸಿದರು. ಎಲ್ಲ ಮಸುಕಾಗುತ್ತಾ ಹೋದಂತೆ ಸಾಬರು ನನ್ನ ಕೈ ಹಿಡಿದುಕೊಂಡರು. ವೈದ್ಯರು ಕತ್ತಲ ಕೋಣೆಯಲ್ಲಿ ಸಣ್ಣ ದೀಪ ಹಿಡಿದು, ಮೂಗಿಗೆ ಮೂಗು ತಾಗುವಷ್ಟು ಹತ್ತಿರ ಬಂದು, ಒಂದು ಕಣ್ಣು ನೋಡಿದರು, ಇನ್ನೊಂದು ನೋಡಿದರು, ಮತ್ತೆ ಮೊದಲಿನದಕ್ಕೆ ಬಂದರು.

"ಬಲಗಣ್ಣಾಗ ಅಂಚಿಗಿ ಎರಡು ಸಣ್ಣ ಚುಕ್ಕಿ ಅದಾವ. ನಡುಭಾಗ ಎರಡೂ ಕಣ್ಣಾಗ ಸ್ವಚ್ಛ ಅದ. ಹಿಂಗ ಇಟ್ಕೊಂಡು ಹೋಗ್ರಿ."

ಸಾಬರು ಹೊರಗೆ ಬಂದು ಬಿಸಿಲಿಗೆ ಕಣ್ಣು ಮುಚ್ಚಿಕೊಂಡೇ ಹೇಳಿದರು: "ಮಾಸ್ತರ್, ದೇವದುರ್ಗದ ಬಸ್ಸು ಎಷ್ಟೊತ್ತಿಗದ?"

"ಕಣ್ಣು ಕಾಣವಲ್ವು, ನಾಳಿ ಹೋಗೋಣ್ರಿ," ಎಂದಳು ಮುನ್ನೀ ಬೀ.

"ಇಲ್ಲ. ಇವತ್ತ."

ಮೂವರೂ ಹೋದೆವು. ದೇವದುರ್ಗದಲ್ಲಿ ಇಳಿದಾಗ ಸಂಜೆಯ ಬಿಸಿಲು ಇನ್ನೂ ಇತ್ತು. ಬಸ್ ಸ್ಟ್ಯಾಂಡಿನ ಚಹಾದ ಅಂಗಡಿಯ ಬೆಂಚಿನ ಮೇಲೆ ಗುಲಾಮ್ ರಸೂಲರು ಕೂತಿದ್ದರು. ದಿನವೂ ಆ ಹೊತ್ತಿಗೆ ಅಲ್ಲಿಗೆ ಒಬ್ಬರೇ ನಡೆದು ಬರುತ್ತಿದ್ದರಂತೆ. ತಮ್ಮನ ಹೆಜ್ಜೆಯ ಸಪ್ಪಳ ಕೇಳಿಯೇ ಎದ್ದು ನಿಂತರು. ಸಾಬರು ಬೆಳಕಿಗೆ ಕಣ್ಣು ಕಿರಿದು ಮಾಡಿ ತಡವರಿಸುತ್ತಿದ್ದರು.

"ಯಾಕಲೇ ಎಡವಾಕತ್ತೀ?"

"ಕಣ್ಣಿಗಿ ಔಷಧ ಹಾಕ್ಯಾರ, ಭಾಯ್. ನಾಳೀತನ ಹಿಂಗ."

ಅಣ್ಣ ತಮ್ಮನ ಮಣಿಕಟ್ಟು ಹಿಡಿದು ನಡೆಯತೊಡಗಿದರು. ಹಿಂದೆ ನಾನು, ಮುನ್ನೀ ಬೀ. ಕಣ್ಣಿಲ್ಲದವರು ಮುಂದೆ, ಕಣ್ಣು ಉಳಿಸಿಕೊಂಡವರು ಹಿಂದೆ. ಎತ್ತಿನ ಗಾಡಿ ಬಂದರೆ ಅಣ್ಣ ಬದಿಗೆ ಸರಿದು ತಮ್ಮನನ್ನೂ ಎಳೆದುಕೊಳ್ಳುತ್ತಿದ್ದರು. ಗಲ್ಲಿಯ ತಿರುವಿನಲ್ಲಿ ಗೋಡೆಯನ್ನು ಮುಟ್ಟದೆಯೇ ತಿರುಗುತ್ತಿದ್ದರು.

ಅರ್ಧ ದಾರಿಯಲ್ಲಿ ಅಣ್ಣ ಕೇಳಿದರು: "ಏನಂದ್ರು ಡಾಕ್ಟ್ರು?"

"ಉಳಿದಾವಂತ."

ಗುಲಾಮ್ ರಸೂಲರು ನಿಂತರು. ಹಿಡಿದಿದ್ದ ಮಣಿಕಟ್ಟನ್ನು ಎರಡೂ ಕೈಯಿಂದ ಒಮ್ಮೆ ಬಿಗಿಯಾಗಿ ಒತ್ತಿದರು. ಆಮೇಲೆ ಮತ್ತೆ ನಡೆಯುತ್ತಾ ಅಂದರು:

"ಇಲ್ಲಿ ಕಲ್ಲು ಎದ್ದಾದ. ಕಾಲು ಎತ್ತಿಡು."